ಶಿಂಜಿ ಹೇಡಿಯೆ? – ಚಿತ್ರದ ಪಾತ್ರವೂ ನೋಡುವವರ ಮನಸ್ಸೂ

ಕಳೆದ ಬೇಸಗೆಯ ರಜೆಯಲ್ಲಿ ನಾವು ಎರಡು ವಾರ ತಂಗಿಯ ಮನೆಯಲ್ಲಿ ಉಳಿದುಕೊಂಡಿದ್ದೆವು. ಸಂಜೆ ದೀಪ ಹೊತ್ತಿಸಿದ ಮೇಲೆ ಆ ಮನೆಯ ಮಕ್ಕಳಿಬ್ಬರೂ ನಡುಮನೆಯಲ್ಲಿ ಕುಳಿತು ಒಂದು ಜಪಾನಿ ಚಿತ್ರಮಾಲಿಕೆಯನ್ನು ದಿನಕ್ಕೆ ಎರಡು ಕಂತಿನಂತೆ ನೋಡುತ್ತಿದ್ದರು. ಹುಡುಗನಿಗೆ ೧೯ ವರ್ಷ, ಹುಡುಗಿಗೆ ೧೪. ಮೊದಲನೆಯ ದಿನವೇ ಜಗಳ ಹತ್ತಿತು. ಕತೆಯ ನಾಯಕನಾದ ಶಿಂಜಿ ಎಂಬ ಬಾಲಕನನ್ನು ಅವನ ತಂದೆ ವರ್ಷಗಳ ಮೇಲೆ ಕರೆಸಿಕೊಂಡು, ಕುಶಲವನ್ನೂ ಕೇಳದೆ, ಒಂದು ಭಯಂಕರವಾದ ಯಂತ್ರದೊಳಗೆ ಕುಳಿತು ಯುದ್ಧಮಾಡೆಂದು ಆಜ್ಞಾಪಿಸುತ್ತಾನೆ. ಬಾಲಕನು ಒಲ್ಲೆನೆನ್ನುತ್ತಾನೆ, ನಡುಗುತ್ತಾನೆ. "ಪಾಪ, ಅವನನ್ನು ಬಿಟ್ಟುಬಿಡಬಾರದೆ?" ಎಂದಳು ಹುಡುಗಿ. "ಇಷ್ಟಕ್ಕೇ ನಡುಗುವವನು ನಾಯಕನೇನು? ಹೇಡಿ!" ಎಂದನು ಅಣ್ಣ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನಮ್ಮ ತಂಗಿ ಯಾರ ಪಕ್ಷವನ್ನೂ ಸೇರಲಿಲ್ಲ. ಆ ಬಾಲಕನನ್ನು ಕಾಳಗಕ್ಕೆ ಕಳುಹಿಸುವ ಮಿಸಾತೊ ಎಂಬ ಅಧಿಕಾರಿಣಿಯ ಮುಖವನ್ನೇ ನೋಡುತ್ತ, "ಕಳಿಸುವವಳ ಸಂಕಟ ಇವರಿಗೇನು ಗೊತ್ತು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ನೋಡಿದವರು ಮೂವರು, ಪರದೆ ಒಂದೇ, ಅದರ ಮೇಲೆ ಮೂಡಿದ ಗೆರೆಗಳೂ ಒಂದೇ. ಆದರೂ ಮೂವರಿಗೂ ಕಂಡದ್ದು ಬೇರೆ ಬೇರೆ. ಇದನ್ನು ರುಚಿಭೇದವೆಂದು ಹೇಳಿ ಮುಗಿಸಿಬಿಡಬಹುದು. ಆದರೆ ಹಾಗೆ ಹೇಳಿದರೆ ಪ್ರಶ್ನೆಗೆ ಒಂದು ಹೆಸರಿಟ್ಟಂತಾಯಿತೇ ಹೊರತು ಉತ್ತರ ಕೊಟ್ಟಂತಾಗಲಿಲ್ಲ. ರುಚಿ ಏತಕ್ಕೆ ಭಿನ್ನವಾಗುತ್ತದೆ? ಅದರ ಹಿಂದೆ ಯಾವ ನಿಯಮವಾದರೂ ಉಂಟೆ? ಕಳೆದ ನೂರು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರೂ ಚಲಚ್ಚಿತ್ರದ ಮೀಮಾಂಸಕರೂ ಈ ದಿಕ್ಕಿನಲ್ಲಿ ಸಾಕಷ್ಟು ವಿಚಾರ ನಡೆಸಿದ್ದಾರೆ. ಅವರು ಕಂಡುಕೊಂಡ ಸಂಗತಿಗಳನ್ನು ಈ ಒಂದು ಚಿತ್ರಮಾಲಿಕೆಯನ್ನೇ ಮುಂದಿಟ್ಟುಕೊಂಡು ನೋಡೋಣ.

ಮಾಲಿಕೆಯ ಹೆಸರು 'ನಿಯೊನ್ ಜೆನೆಸಿಸ್ ಇವ್ಯಾಂಜೆಲಿಯನ್'. ಬರೆದ ಚಿತ್ರಗಳನ್ನು ಚಲಿಸುವಂತೆ ತೋರಿಸುವ ಕಲೆಗೆ ಜಪಾನೀಯರು 'ಅನಿಮೆ' ಎನ್ನುತ್ತಾರೆ; ಆ ಕಲೆಯ ಪ್ರಸಿದ್ಧ ಕೃತಿಗಳಲ್ಲಿ ಇದೂ ಒಂದು. ಹಿದೆಯಾಕಿ ಅನ್ನೊ ಎಂಬವರ ನಿರ್ದೇಶನದಲ್ಲಿ ತಯಾರಾದ ಇದರ ೨೬ ಕಂತುಗಳು ೧೯೯೫ರ ಅಕ್ಟೋಬರಿನಿಂದ ೧೯೯೬ರ ಮಾರ್ಚಿನವರೆಗೆ ಟೀವಿ ಟೋಕಿಯೊ ಕೇಂದ್ರದಿಂದ ಪ್ರಸಾರವಾದುವು. ೨೦೧೯ರಲ್ಲಿ ಇದು ನೆಟ್‌ಫ್ಲಿಕ್ಸಿನ ಮೂಲಕ ಏಕಕಾಲದಲ್ಲಿ ಅನೇಕ ದೇಶಗಳ ಮನೆಗಳನ್ನು ಹೊಕ್ಕಿತು. ಭೂಮಿಯ ಮೇಲೆ 'ದೂತರು' ಎಂಬ ವಿಚಿತ್ರ ಜೀವಿಗಳು ದಾಳಿಮಾಡುತ್ತವೆ. ಅವನ್ನು ಎದುರಿಸಲು ದೈತ್ಯಾಕಾರದ ಯಂತ್ರಮಾನವನಂತೆ ಕಾಣುವ ಇವ್ಯಾಂಜೆಲಿಯನ್‌ಗಳನ್ನು ನಿರ್ಮಿಸಿದ್ದಾರೆ. ಅವುಗಳನ್ನು ನಡೆಸಬಲ್ಲವರು ೧೪ ವರ್ಷದ ಮಕ್ಕಳು ಮಾತ್ರ. ಅಂಥ ಮಕ್ಕಳಲ್ಲಿ ಮುಖ್ಯರಾದವರು ಮೂವರು. ಶಿಂಜಿ ಅಂಜುಬುರುಕ, ತಾಯಿಯನ್ನು ಕಳೆದುಕೊಂಡು ತಂದೆಯಿಂದ ದೂರ ಬೆಳೆದವನು. ಅಸುಕ ಜರ್ಮನಿಯಿಂದ ಬಂದವಳು. ಜಂಬಗಾರ್ತಿ, ಚುರುಕು ನಾಲಗೆಯವಳು. ರೇಯಿ ಮಾತೂ ನಗೆಯೂ ಇಲ್ಲದ, ನೀಲಿಗೂದಲಿನ ಬಾಲಕಿ. ಇವರ ಮೇಲ್ವಿಚಾರಣೆಗೆ ೨೯ ವರ್ಷದ ಮಿಸಾತೊ. ಎಲ್ಲರಿಗೂ ಮೇಲೆ ಶಿಂಜಿಯ ತಂದೆ ಗೆಂದೊ. ವಾಚಕರು ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಮೊಟ್ಟಮೊದಲು ಏಳುವ ಪ್ರಶ್ನೆ, ಗೆರೆಗಳಿಂದಾದ ಆಕೃತಿಯಲ್ಲಿ ನಾವು ಮನಸ್ಸನ್ನು ಕಾಣುವುದಾದರೂ ಹೇಗೆ ಎಂಬುದು. ೧೯೪೪ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ಪುಟ್ಟ ಚಿತ್ರವನ್ನು ತಯಾರಿಸಿದರು. ಅದರಲ್ಲಿ ಮನುಷ್ಯರಿಲ್ಲ, ಪ್ರಾಣಿಗಳೂ ಇಲ್ಲ. ಒಂದು ದೊಡ್ಡ ತ್ರಿಕೋಣ, ಒಂದು ಚಿಕ್ಕ ತ್ರಿಕೋಣ, ಒಂದು ಪುಟ್ಟ ವೃತ್ತ. ಬಾಗಿಲಿನಂತೆ ತೆರೆದು ಮುಚ್ಚುವ ಭಾಗವುಳ್ಳ ಒಂದು ಚೌಕಟ್ಟು. ಈ ಆಕೃತಿಗಳು ಅತ್ತಿತ್ತ ಸರಿದಾಡುತ್ತವೆ, ಅಷ್ಟೇ. ೩೪ ಮಂದಿ ವಿದ್ಯಾರ್ಥಿನಿಯರಿಗೆ ಇದನ್ನು ತೋರಿಸಿ, ಏನು ಕಂಡಿರಿ ಬರೆಯಿರಿ ಎಂದಾಗ, ಕೇವಲ ಒಬ್ಬಳು ಮಾತ್ರ ಜ್ಯಾಮಿತಿಯ ಭಾಷೆಯಲ್ಲಿ ಉತ್ತರ ಬರೆದಳು. ಉಳಿದವರಿಗೆಲ್ಲ ಅಲ್ಲೊಂದು ಕತೆ ಕಂಡಿತ್ತು. ದೊಡ್ಡ ತ್ರಿಕೋಣ ಜಗಳಗಂಟ, ಚಿಕ್ಕದು ಧೈರ್ಯಶಾಲಿ, ವೃತ್ತ ಹೆದರಿದ ಹೆಣ್ಣು! ಚಲನೆಯಿದ್ದಲ್ಲಿ ಉದ್ದೇಶವನ್ನು ಊಹಿಸುವುದು ನಮ್ಮ ಮಿದುಳಿನ ಹುಟ್ಟುಗುಣವೆಂದು ಇದರಿಂದ ಸ್ಪಷ್ಟವಾಯಿತು. ಕತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಹೆದರುವವನು ಬದುಕಿಕೊಳ್ಳುತ್ತಾನೆ. ಹಾವನ್ನು ಹಗ್ಗವೆಂದು ತಿಳಿಯುವವನು ಬದುಕುವುದಿಲ್ಲ. ತ್ರಿಕೋಣಕ್ಕೇ ಮನಸ್ಸನ್ನು ಕೊಡಬಲ್ಲ ನಾವು, ಕಣ್ಣು ಮೂಗುಗಳುಳ್ಳ ಶಿಂಜಿಗೆ ಕೊಡುವುದರಲ್ಲಿ ಆಶ್ಚರ್ಯವೇನು?

ಇಲ್ಲಿ ಜಪಾನಿನ ಚಿತ್ರಕಲೆಯ ಒಂದು ವಿಶೇಷವನ್ನು ಗಮನಿಸಬೇಕು. ಚಲಚ್ಚಿತ್ರವು ಪರದೆಯ ಮೇಲೆ ಸೆಕೆಂಡಿಗೆ ೨೪ ಚೌಕಟ್ಟುಗಳಂತೆ ಓಡುತ್ತದೆ. ಪ್ರತಿ ಚೌಕಟ್ಟಿಗೂ, ಅಥವಾ ಒಂದನ್ನು ಬಿಟ್ಟು ಒಂದಕ್ಕೆ, ಹೊಸ ಚಿತ್ರವನ್ನು ಬರೆದರೆ ಚಲನೆ ನಯವಾಗಿ ಬರುತ್ತದೆ. ಆದರೆ ಖರ್ಚು ಅಪಾರ. ೧೯೬೩ರ ಜನವರಿ ೧ರಂದು ಒಸಾಮು ತೆಜುಕ ಅವರ 'ತೆತ್ಸುವಾನ್ ಆಟಮು' ಎಂಬ ಮಾಲಿಕೆ ಜಪಾನಿನ ದೂರದರ್ಶನದಲ್ಲಿ ಆರಂಭವಾಯಿತು. ವಾರಕ್ಕೊಂದು ಕಂತನ್ನು ಅಲ್ಪ ಹಣದಲ್ಲಿ ಮುಗಿಸಬೇಕಾಗಿದ್ದುದರಿಂದ ತೆಜುಕ ಅವರು ಮೂರು ಚೌಕಟ್ಟಿಗೆ ಒಂದೇ ಚಿತ್ರವನ್ನು ಉಪಯೋಗಿಸಿದರು. ಮಾತನಾಡುವಾಗ ಮುಖವನ್ನು ಸ್ಥಿರವಾಗಿಟ್ಟು ಬಾಯಿಯನ್ನಷ್ಟೇ ಅಲುಗಿಸಿದರು. ಒಮ್ಮೆ ಬರೆದ ಚಿತ್ರವನ್ನು ಮತ್ತೆ ಮತ್ತೆ ಬಳಸಿದರು. ಬಡತನದಿಂದ ಹುಟ್ಟಿದ ಈ ಉಪಾಯವೇ ಮುಂದೆ ಒಂದು ಶೈಲಿಯಾಗಿ ಬೆಳೆಯಿತು. ಇವ್ಯಾಂಜೆಲಿಯನ್ನಿನ ೨೨ನೆಯ ಕಂತಿನಲ್ಲಿ ಅಸುಕ ಮತ್ತು ರೇಯಿ ಮೇಲೇರುವ ಲಿಫ್ಟಿನೊಳಗೆ ಮಾತಿಲ್ಲದೆ ನಿಂತಿರುವ ಒಂದು ದೃಶ್ಯವಿದೆ. ಒಂದು ನಿಮಿಷಕ್ಕೆ ಸ್ವಲ್ಪವೇ ಕಡಿಮೆಯಷ್ಟು ಕಾಲ ಚಿತ್ರ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಅಷ್ಟು ಹೊತ್ತು ಏನನ್ನು ನೋಡುವುದು? ಪರದೆಯ ಮೇಲೆ ಏನೂ ನಡೆಯದಿರುವಾಗ ನಡೆಯುವುದೆಲ್ಲ ನೋಡುವವನ ತಲೆಯೊಳಗೆ. ಒಬ್ಬನು ಅದರಲ್ಲಿ ದ್ವೇಷವನ್ನು ಕಾಣುತ್ತಾನೆ, ಇನ್ನೊಬ್ಬನು ನಾಚಿಕೆಯನ್ನು. ಮೂರನೆಯವನು ಯಂತ್ರ ಕೆಟ್ಟಿತೇನೋ ಎಂದು ಎದ್ದು ನೋಡುತ್ತಾನೆ.

ರಷ್ಯದ ಚಲಚ್ಚಿತ್ರ ನಿರ್ದೇಶಕ ಲೆವ್ ಕುಲೆಷೋವ್ ೧೯೨೦ರ ಆಸುಪಾಸಿನಲ್ಲಿ ಮಾಡಿದರೆನ್ನುವ ಪ್ರಯೋಗವೊಂದು ಪ್ರಸಿದ್ಧವಾಗಿದೆ. ನಟನೊಬ್ಬನ ಭಾವಶೂನ್ಯವಾದ ಮುಖವನ್ನು ಒಮ್ಮೆ ಸಾರಿನ ತಟ್ಟೆಯೊಂದಿಗೆ, ಒಮ್ಮೆ ಶವಪೆಟ್ಟಿಗೆಯೊಂದಿಗೆ, ಒಮ್ಮೆ ಆಡುವ ಮಗುವಿನೊಂದಿಗೆ ಜೋಡಿಸಿ ತೋರಿಸಿದಾಗ, ಪ್ರೇಕ್ಷಕರು ಅದೇ ಮುಖದಲ್ಲಿ ಹಸಿವು, ದುಃಖ, ವಾತ್ಸಲ್ಯಗಳನ್ನು ಕಂಡು ನಟನನ್ನು ಹೊಗಳಿದರಂತೆ. ಮೂಲ ಫಿಲ್ಮು ಉಳಿದಿಲ್ಲ. ಮುಂದಿನವರು ಇದೇ ಬಗೆಯ ಪರೀಕ್ಷೆಗಳನ್ನು ನಡೆಸಿದಾಗ ಕೆಲವರಿಗೆ ಫಲ ದೊರೆಯಿತು, ಕೆಲವರಿಗೆ ದೊರೆಯಲಿಲ್ಲ. ಆದುದರಿಂದ ಈ ಕತೆಯನ್ನು ಪೂರ್ತಿ ನಂಬಬೇಕಾದುದಿಲ್ಲ. ಆದರೆ ರೇಯಿಯ ವಿಷಯದಲ್ಲಿ ಇದು ದಾರಿತೋರಿಸುತ್ತದೆ. ಯೊಶಿಯುಕಿ ಸದಮೊತೊ ರೂಪಿಸಿದ ಆ ಮುಖದಲ್ಲಿ ಗೆರೆಗಳು ಬಹು ಕಡಿಮೆ. ಭಾವ ಇನ್ನೂ ಕಡಿಮೆ. ಆರನೆಯ ಕಂತಿನ ಕೊನೆಯಲ್ಲಿ ಅವಳು ಒಮ್ಮೆ ನಗುತ್ತಾಳೆ. ಅಷ್ಟರಲ್ಲಿ ನೋಡುವವನು ಆರು ಕಂತುಗಳ ಕಾಲ ಆ ಖಾಲಿ ಮುಖದ ಮೇಲೆ ತನ್ನದೇ ಆದ ಒಬ್ಬ ರೇಯಿಯನ್ನು ಬರೆದುಕೊಂಡಿರುತ್ತಾನೆ. ಒಬ್ಬನಿಗೆ ಅವಳು ಅನಾಥೆ, ಒಬ್ಬನಿಗೆ ಯೋಗಿನಿ, ಒಬ್ಬನಿಗೆ ಬರಿಯ ಬೊಂಬೆ. ಅಮೆರಿಕದ ಚಿತ್ರಕಾರ ಸ್ಕಾಟ್ ಮೆಕ್ಲೌಡ್ ೧೯೯೩ರಲ್ಲಿ ಒಂದು ವಾದವನ್ನು ಮಂಡಿಸಿದರು: ಮುಖದ ಗೆರೆಗಳು ಕಡಿಮೆಯಾದಷ್ಟೂ ಅದು ಹೆಚ್ಚು ಜನರ ಮುಖವಾಗುತ್ತದೆ, ಸರಳವಾದ ಚಿತ್ರದಲ್ಲಿ ನಾವು ನಮ್ಮನ್ನೇ ಕಾಣುತ್ತೇವೆ. ಇದು ಅರ್ಧ ಸತ್ಯವೆಂದೇ ನಮ್ಮ ಎಣಿಕೆ. ಖಾಲಿ ಪಾತ್ರೆಯಲ್ಲಿ ಎಲ್ಲರೂ ತಮ್ಮ ನೀರನ್ನೇ ತುಂಬುವರೆಂಬುದು ನಿಜ. ಆದರೆ ತುಂಬಿದ ನೀರನ್ನು ಕುಡಿಯಲು ಎಲ್ಲರಿಗೂ ಇಷ್ಟವಾಗುವುದಿಲ್ಲ.

ದೊಡ್ಡ ಕಣ್ಣು, ಉಬ್ಬಿದ ಹಣೆ, ಪುಟ್ಟ ಮೂಗು ಬಾಯಿಗಳು ನಮ್ಮಲ್ಲಿ ಪೋಷಣೆಯ ಭಾವವನ್ನು ಎಬ್ಬಿಸುತ್ತವೆಂದು ಪ್ರಾಣಿವರ್ತನೆಯ ತಜ್ಞ ಕೊನ್ರಾಡ್ ಲೊರೆನ್ಟ್ಸ್ ೧೯೪೩ರಲ್ಲಿಯೇ ಹೇಳಿದ್ದರು. ಹಸುಗೂಸಿನ ಮುಖಲಕ್ಷಣಗಳೇ ಇವು. ಅನಿಮೆಯ ಮುಖಗಳು ಇದೇ ಲಕ್ಷಣಗಳನ್ನು ಹಿಗ್ಗಿಸಿ ಬರೆದವು. ಆದರೆ ಮಾಲಿಕೆಯ ಮಕ್ಕಳೆಲ್ಲರಿಗೂ ದೊಡ್ಡ ಕಣ್ಣುಗಳೇ ಇರುವಾಗ, ಒಬ್ಬರನ್ನು ಬಿಟ್ಟು ಒಬ್ಬರನ್ನು ಒಲಿಯುವುದಕ್ಕೆ ಇದರಿಂದ ಕಾರಣ ಸಿಕ್ಕುವುದಿಲ್ಲ. ಜಪಾನಿನ ವಿಮರ್ಶಕ ಹಿರೊಕಿ ಅಜುಮ ೨೦೦೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಸ ಕಾಲದ ಅಭಿಮಾನಿಗಳು ಕತೆಯನ್ನು ಪ್ರೀತಿಸುವುದಕ್ಕಿಂತ ಹೆಚ್ಚಾಗಿ ಪಾತ್ರಗಳ ಬಿಡಿ ಅಂಶಗಳನ್ನು, ಅಂದರೆ ಕೂದಲಿನ ಬಣ್ಣ, ಉಡುಪು, ಮಾತಿನ ಧಾಟಿ ಮುಂತಾದುವನ್ನು, ಪ್ರೀತಿಸುತ್ತಾರೆಂದು ವಾದಿಸಿದರು. ಗೊಂಬೆಗಳನ್ನು ಕೊಂಡು ಕಪಾಟಿನಲ್ಲಿ ಸಾಲಾಗಿ ಇಡುವವರ ವಿಷಯದಲ್ಲಿ ಈ ಮಾತು ಸರಿಯಿರಬಹುದು. ನಡುಮನೆಯಲ್ಲಿ ನಾವು ಕಂಡ ಜಗಳ ಕೂದಲಿನ ಬಣ್ಣದ ಜಗಳವಾಗಿರಲಿಲ್ಲ.

ಧ್ವನಿಯ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಮುಖ ಸ್ಥಿರವಾಗಿರುವಾಗ ಜೀವ ಕಂಠದಲ್ಲಿರುತ್ತದೆ. ಶಿಂಜಿಯ ಕಂಠ ಮೆಗುಮಿ ಒಗತ ಎಂಬ ಕಲಾವಿದೆಯದು. ಹೆಣ್ಣಿನ ಕಂಠದಲ್ಲಿ ಬರುವ ಹುಡುಗನ ನಡುಕ. ಇದರಿಂದ ಹುಡುಗಿಗೆ ಅವನು ಹತ್ತಿರದವನಾದನೋ, ಅಣ್ಣನಿಗೆ ಅದೇ ಕಂಠ ಕಿರಿಕಿರಿಯಾಯಿತೋ, ಯಾರು ಬಲ್ಲರು?

ಈಗ ವಿಷಯದ ತಿರುಳಿಗೆ ಬರೋಣ. ಮರ್ರೆ ಸ್ಮಿತ್ ಎಂಬ ಬ್ರಿಟಿಷ್ ವಿದ್ವಾಂಸರು ೧೯೯೫ರಲ್ಲಿ, ಎಂದರೆ ಇವ್ಯಾಂಜೆಲಿಯನ್ ಹುಟ್ಟಿದ ವರ್ಷದಲ್ಲಿಯೇ, ಚಲಚ್ಚಿತ್ರದ ಪಾತ್ರಗಳ ಮೇಲೆ ಒಂದು ಗ್ರಂಥವನ್ನು ಬರೆದರು. 'ಪಾತ್ರದೊಡನೆ ಒಂದಾಗುವುದು' ಎಂದು ನಾವು ಸಡಿಲವಾಗಿ ಹೇಳುವ ಮಾತಿನಲ್ಲಿ ಬೇರೆ ಬೇರೆ ಸಂಗತಿಗಳು ಕಲಸಿಕೊಂಡಿವೆಯೆಂದು ಅವರು ತೋರಿಸಿದರು. ಮೊದಲನೆಯದು ಗುರುತಿಸುವುದು: ಇವನೊಬ್ಬ ವ್ಯಕ್ತಿ, ಇವನ ಸ್ವಭಾವ ಇಂಥದು ಎಂದು ತಿಳಿಯುವುದು. ಎರಡನೆಯದು ಜೊತೆಗಿರುವುದು: ಕತೆಯು ನಮ್ಮನ್ನು ಯಾರ ಬೆನ್ನ ಹಿಂದೆ ನಡೆಸುತ್ತದೆ, ಯಾರ ಅಂತರಂಗವನ್ನು ತೆರೆದು ತೋರಿಸುತ್ತದೆ ಎಂಬುದು. ಮೂರನೆಯದು ಪಕ್ಷವಹಿಸುವುದು: ಅವನು ಮಾಡಿದ್ದು ಸರಿಯೆಂದು ನಮ್ಮ ನೀತಿಬುದ್ಧಿ ಒಪ್ಪುವುದು. ಇವು ಒಂದರ ಹಿಂದೆ ಒಂದು ತಾವಾಗಿ ಬರುವುದಿಲ್ಲ. ಇಡೀ ದಿನ ಒಬ್ಬನ ಜೊತೆಗಿದ್ದೂ ಅವನ ಪಕ್ಷವನ್ನು ವಹಿಸದಿರುವುದು ಸಾಧ್ಯ. ಸಂಸಾರಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇವ್ಯಾಂಜೆಲಿಯನ್ ನಮ್ಮನ್ನು ಹೆಚ್ಚು ಹೊತ್ತು ಇರಿಸುವುದು ಶಿಂಜಿಯ ಜೊತೆಗೇ. ಅವನ ಕಿವಿಯ ಸಂಗೀತ, ಅವನು ದಿಟ್ಟಿಸುವ ಆಸ್ಪತ್ರೆಯ ಛಾವಣಿ, ಓಡಿಹೋಗಬಾರದೆಂದು ಅವನು ತನಗೆ ತಾನೇ ಹೇಳಿಕೊಳ್ಳುವ ಮಾತು, ಎಲ್ಲವೂ ನಮಗೆ ದೊರೆಯುತ್ತವೆ. ಆದರೂ ನೋಡುವವರು ಎರಡು ಪಂಗಡವಾಗುವುದು ಮೂರನೆಯ ಮೆಟ್ಟಿಲಲ್ಲಿ.

ಜೊತೆಗಿರುವುದರ ಶಕ್ತಿಯೇನೆಂಬುದನ್ನು ಮೈಕೆಲ್ ಸ್ಟಾರ್ಮ್ಸ್ ೧೯೭೩ರಲ್ಲಿ ಒಂದು ಚತುರ ಪ್ರಯೋಗದಿಂದ ತೋರಿಸಿದರು. ನಾವು ತಡವಾಗಿ ಬಂದರೆ ಬಸ್ಸು ಸಿಕ್ಕಲಿಲ್ಲವೆನ್ನುತ್ತೇವೆ. ಬೇರೆಯವರು ತಡವಾಗಿ ಬಂದರೆ ಸೋಮಾರಿಯೆನ್ನುತ್ತೇವೆ. ನಮ್ಮ ನಡತೆಗೆ ಸಂದರ್ಭ ಕಾರಣ, ಪರರ ನಡತೆಗೆ ಅವರ ಸ್ವಭಾವ ಕಾರಣ. ಸ್ಟಾರ್ಮ್ಸ್ ಅವರು ಇಬ್ಬರನ್ನು ಎದುರುಬದುರಾಗಿ ಮಾತಿಗೆ ಕೂರಿಸಿ, ಇಬ್ಬರು ನೋಡುಗರನ್ನು ಬದಿಗಿರಿಸಿ, ಎಲ್ಲವನ್ನೂ ಚಿತ್ರೀಕರಿಸಿದರು. ಬಳಿಕ ಮಾತನಾಡಿದವನಿಗೆ ಅವನ ಮುಖವನ್ನೇ ತೋರಿಸಿದರು. ನೋಡುಗನಿಗೆ, ಮಾತನಾಡಿದವನ ಕಣ್ಣಿಗೆ ಏನು ಕಂಡಿತ್ತೋ ಅದನ್ನು ತೋರಿಸಿದರು. ತೀರ್ಪುಗಳು ತಲೆಕೆಳಗಾದುವು! ತನ್ನನ್ನು ಹೊರಗಿನಿಂದ ಕಂಡವನು ತನ್ನ ಸ್ವಭಾವವನ್ನು ದೂರಿದನು. ಒಳಗಿನಿಂದ ಕಂಡ ನೋಡುಗನು ಸಂದರ್ಭವನ್ನು ದೂರಿದನು. ಕ್ಯಾಮೆರಾ ಎಲ್ಲಿ ನಿಂತಿದೆಯೆಂಬುದರಿಂದ ತೀರ್ಪು ಬದಲಾಗುತ್ತದೆಂದಾಯಿತು. ವಿಜ್ಞಾನದಲ್ಲಿ ಒಂದು ಪ್ರಯೋಗವೇ ಕೊನೆಯ ಮಾತಲ್ಲ. ಬರ್ಟ್ರಾಮ್ ಮಾಲೆ ಎಂಬವರು ೨೦೦೬ರಲ್ಲಿ ೧೭೦ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆದಾಗ, ಸ್ವಪರಭೇದದ ಈ ನಿಯಮವು ಪಠ್ಯಪುಸ್ತಕಗಳು ಸಾರುವಷ್ಟು ಪ್ರಬಲವಲ್ಲವೆಂದು ತಿಳಿದುಬಂತು. ಕೆಟ್ಟದು ನಡೆದಾಗ ಅದು ಕಾಣುತ್ತದೆ. ಆದರೆ ಇವ್ಯಾಂಜೆಲಿಯನ್ನಿನಲ್ಲಿ ಒಳ್ಳೆಯದು ನಡೆಯುವುದಾದರೂ ಯಾವಾಗ?

ಇದಕ್ಕೆ ಮಾಲಿಕೆಯ ಚರಿತ್ರೆಯಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ಗೆಂದೊವಿನಷ್ಟು ನಿಷ್ಕರುಣಿಯಾದ ತಂದೆ ಚಿತ್ರಲೋಕದಲ್ಲಿ ಅಪರೂಪ. ೧೯೯೫ರ ಮಾಲಿಕೆಯಲ್ಲಿ ನಾವು ಬಹುಮಟ್ಟಿಗೆ ಅವನನ್ನು ಹೊರಗಿನಿಂದಲೇ ನೋಡುತ್ತೇವೆ. ಬೆಳಕು ಹೊಳೆಯುವ ಕನ್ನಡಕ, ಬಾಯಿಯನ್ನು ಮರೆಮಾಡಿ ಕಟ್ಟಿದ ಕೈಗಳು. ಇದೇ ಕತೆಯನ್ನು ಹೊಸದಾಗಿ ಹೇಳಿದ ಚಲಚ್ಚಿತ್ರಗಳಲ್ಲಿ ಕೊನೆಯದು ೨೦೨೧ರ ಮಾರ್ಚಿನಲ್ಲಿ ತೆರೆಕಂಡಿತು. ಅದರಲ್ಲಿ ಗೆಂದೊ ತನ್ನ ಬಾಲ್ಯ, ಒಂಟಿತನ, ಹೆಂಡತಿಯನ್ನು ಕಳೆದುಕೊಂಡ ಬಗೆ ಎಲ್ಲವನ್ನೂ ತಾನೇ ದೀರ್ಘವಾಗಿ ಹೇಳಿಕೊಳ್ಳುತ್ತಾನೆ. ಕ್ಯಾಮೆರಾ ಅವನ ಒಳಗೆ ಹೊಕ್ಕಿತು. ಅವನ ಅಪರಾಧ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಆದರೆ ಅವನು ರಾಕ್ಷಸನಾಗಿ ಉಳಿಯಲಿಲ್ಲ. ಅಷ್ಟೇ ಅಲ್ಲ. ೧೯೯೫ರಲ್ಲಿ ಶಿಂಜಿಯಂತೆ ೧೪ ವರ್ಷದವನಾಗಿದ್ದ ಪ್ರೇಕ್ಷಕನಿಗೆ ೨೦೨೧ರಲ್ಲಿ ೪೦ ತುಂಬಿತ್ತು. ಅವನೇ ತಂದೆಯಾಗಿದ್ದನು. ಬರೆದ ಚಿತ್ರಕ್ಕೆ ವಯಸ್ಸಾಗುವುದಿಲ್ಲ, ನೋಡುವವನಿಗೆ ಆಗುತ್ತದೆ.

ನಮ್ಮ ತಂಗಿ ಮಿಸಾತೊವಿನ ಮುಖವನ್ನೇ ನೋಡಿದ್ದಕ್ಕೆ ಇಲ್ಲಿ ಉತ್ತರವಿದೆ. ಬಾಗಿಲಲ್ಲಿ ನಿಂತು ಮಕ್ಕಳನ್ನು ಎಲ್ಲಿಗೋ ಕಳುಹಿಸಿ, ಕಳುಹಿಸಿದ ಮೇಲೆ ಒಳಗೆ ಬಂದು ಕೆಲಸ ಮಾಡುವುದು ಅವಳಿಗೆ ಗೊತ್ತಿರುವ ಸಂಗತಿ. ಅವಳ ಮಟ್ಟಿಗೆ ಕತೆಯ ನಾಯಕಿ ಮಿಸಾತೊವೇ. ನಿರ್ದೇಶಕನು ಎಲ್ಲಿ ನೋಡಿರೆಂದು ಬೊಟ್ಟುಮಾಡಿದರೂ, ನೋಡುವವರು ತಮಗೆ ಬೇಕಾದ ಕಡೆಗೇ ಕಣ್ಣು ಹೊರಳಿಸುತ್ತಾರೆ. ಮಹಾಭಾರತವನ್ನು ಕೇಳುವಾಗ ಕನ್ನಡಿಗರು ಕರ್ಣನ ಕಡೆಗೆ ಹೊರಳುವುದಿಲ್ಲವೆ?

ಪಾತ್ರಗಳೊಡನೆ ನಮಗಿರುವ ನಂಟನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬವರು ೧೯೫೬ರಲ್ಲಿ ಮೊದಲು ಶಾಸ್ತ್ರೀಯವಾಗಿ ವಿವರಿಸಿದರು. ರೇಡಿಯೋ ಮತ್ತು ದೂರದರ್ಶನದಲ್ಲಿ ದಿನವೂ ಕೇಳಿಬರುವ ವ್ಯಕ್ತಿಯನ್ನು ಜನ ಬರಬರುತ್ತ ಸ್ನೇಹಿತನೆಂದೇ ಭಾವಿಸುತ್ತಾರೆ. ಆ ವ್ಯಕ್ತಿಗೆ ಇವರ ಹೆಸರೂ ತಿಳಿಯದು. ಏಕಮುಖವಾದ ಈ ನಂಟು ಹುಚ್ಚೇನಲ್ಲ. ಸಾಮಾನ್ಯ ಸ್ನೇಹವನ್ನು ನಡೆಸುವ ಮನೋವ್ಯಾಪಾರಗಳೇ ಇದನ್ನೂ ನಡೆಸುತ್ತವೆ. ಹಾಗಿದ್ದಲ್ಲಿ ಸ್ನೇಹದಲ್ಲಿ ಒಬ್ಬೊಬ್ಬರ ರೀತಿ ಒಂದೊಂದಾಗಿರುವಂತೆ ಇಲ್ಲಿಯೂ ಇರಬೇಕಷ್ಟೆ? ಜೊನಾಥನ್ ಕೊಹೆನ್ ಎಂಬ ಇಸ್ರೇಲಿನ ಸಂಶೋಧಕರು ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಿಮಗೆ ಪ್ರಿಯವಾದ ಪಾತ್ರ ಇನ್ನು ಮುಂದೆ ಬರುವುದಿಲ್ಲವೆಂದಾದರೆ ನಿಮಗೆ ಹೇಗನ್ನಿಸೀತು ಎಂದು ವೀಕ್ಷಕರನ್ನು ಕೇಳಿದರು. ನಿಜಜೀವನದ ಸಂಬಂಧಗಳಲ್ಲಿ ತಮ್ಮನ್ನು ಎಲ್ಲಿ ತೊರೆದುಬಿಡುವರೋ ಎಂಬ ಅಂಜಿಕೆಯಿಂದ ಇರುವವರೇ ಇಲ್ಲಿಯೂ ಅತಿ ಹೆಚ್ಚಿನ ದುಃಖವನ್ನು ನಿರೀಕ್ಷಿಸಿದರು. ಅಸುಕಳನ್ನು ಕೆಲವರು ಸಹಿಸಲಾರದೆ ಹೋಗುವುದೂ ಕೆಲವರು ಎದೆಗಪ್ಪಿಕೊಳ್ಳುವುದೂ ಇದೇ ದಾರಿಯ ಸಂಗತಿಯೆಂದು ನಮಗೆ ತೋರುತ್ತದೆ. ಅವಳ ಜಂಬ ಒಂದು ಕವಚ. ಕವಚ ತೊಟ್ಟವರಿಗೆ ಇನ್ನೊಂದು ಕವಚ ದೂರದಿಂದಲೇ ಕಾಣುತ್ತದೆ. ತೊಡದವರಿಗೆ ಕಾಣುವುದು ಜಂಬ ಮಾತ್ರ. ಅವಳ ತಾಯಿಯ ದಾರುಣ ಮರಣದ ಕತೆ ೨೨ನೆಯ ಕಂತಿನಲ್ಲಿ ಪೂರ್ತಿಯಾಗಿ ಬಯಲಾಗುವವರೆಗೆ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಆದರೆ ಇಲ್ಲಿಯವರೆಗಿನ ವಿವರಣೆಯಿಂದ ಒಂದು ಗಂಟು ಬಿಡಿಸಿಕೊಳ್ಳಲಿಲ್ಲ. ತನ್ನಂತೆ ನೊಂದವನನ್ನು ಕಂಡರೆ ಮನಸ್ಸು ಕರಗುತ್ತದೆಂಬುದು ಎಲ್ಲರೂ ಒಪ್ಪುವ ಮಾತು. ಹಾಗಾದರೆ ಹದಿನಾಲ್ಕು ವರ್ಷಕ್ಕೆ ಮನೆಯ ಬೆಚ್ಚಗಿನ ಮೂಲೆಯಲ್ಲಿ ಬೆಳೆಯುತ್ತಿದ್ದ ಹುಡುಗಿ ಶಿಂಜಿಗಾಗಿ ಮರುಗಿದಳು. ಅವನಂತೆಯೇ ಮನೆಯಿಂದ ದೂರ ಹೋಗಿ ಒಲ್ಲದ ಕೆಲಸಕ್ಕೆ ಕೊರಳೊಡ್ಡಿದ್ದ ಅಣ್ಣನು ಮರುಗಲಿಲ್ಲ. ಏಕೆ? ಅವನ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಎಸ್ಸೆಸ್ಸೆಲ್ಸಿಯಾದ ಮೇಲೆ ಅವನನ್ನು ಬೇರೊಂದು ಜಿಲ್ಲೆಯ ವಸತಿ ಕಾಲೇಜಿನಲ್ಲಿ ಪಿಯುಸಿಗೆ ಸೇರಿಸಿದ್ದರು. ಬೆಳಗಿನ ಜಾವ ಎದ್ದರೆ ರಾತ್ರಿಯವರೆಗೆ ಪಾಠ, ಭಾನುವಾರ ಪರೀಕ್ಷೆ. ಮೊದಲ ತಿಂಗಳಲ್ಲಿಯೇ ಒಂದು ರಾತ್ರಿ ಅವನು ಮನೆಗೆ ಫೋನ್ ಮಾಡಿ, ನನ್ನನ್ನು ಕರೆದುಕೊಂಡು ಹೋಗಿ ಎಂದು ಅತ್ತಿದ್ದನು. ಎಲ್ಲರ ಮಕ್ಕಳೂ ಇದ್ದಾರೆ, ನೀನೂ ಇರು, ಗಂಡುಮಗ ಹೀಗೆ ಅಳಬಾರದು ಎಂದು ದೊಡ್ಡವರು ಹೇಳಿದರು. ಹಾಗೆ ಹೇಳಿದ ದೊಡ್ಡವರಲ್ಲಿ ನಾವೂ ಒಬ್ಬರು. ಅವನು ಇದ್ದನು. ಎರಡು ವರ್ಷ ಮುಗಿಸಿ, ಒಳ್ಳೆಯ ಅಂಕಗಳನ್ನು ತೆಗೆದುಕೊಂಡು ಬಂದನು. ಆ ರಾತ್ರಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಸಹಾನುಭೂತಿಯ ಈ ವಕ್ರಗತಿಯನ್ನು ರೇಚಲ್ ರಟ್ಟನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ೨೦೧೫ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಶೋಧಿಸಿದರು. ಅಮೆರಿಕದ ಮಿಷಿಗನ್ ಸರೋವರದಲ್ಲಿ ಚಳಿಗಾಲದ ಕೊನೆಗೆ, ಮಂಜಿನಂತೆ ಕೊರೆಯುವ ನೀರಿಗೆ ಹಾರುವ ಒಂದು ಉತ್ಸವ ನಡೆಯುತ್ತದೆ. ಅದರಲ್ಲಿ ಪಾಲ್ಗೊಳ್ಳುವವರಿಗೆ ಸಂಶೋಧಕರು ಒಬ್ಬನ ಕತೆಯನ್ನು ಓದಲು ಕೊಟ್ಟರು. ಹಾರುವೆನೆಂದು ಹೊರಟು ಕೊನೆಯ ಗಳಿಗೆಯಲ್ಲಿ ಹಿಂಜರಿದವನ ಕತೆ. ಇನ್ನೂ ನೀರಿಗಿಳಿಯದವರು ಅವನನ್ನು ಕನಿಕರದಿಂದ ಕಂಡರು. ನೀರಿಗಿಳಿದು ಬಂದವರಲ್ಲಿ ಕನಿಕರ ಕಡಿಮೆಯಾಗಿತ್ತು, ತಿರಸ್ಕಾರ ಹೆಚ್ಚಿತ್ತು. ಇನ್ನೊಂದು ಪ್ರಯೋಗದಲ್ಲಿ, ಓರಗೆಯವರ ಕಾಟಕ್ಕೆ ಸಿಕ್ಕಿದ ಹುಡುಗನ ಕತೆ. ಅವನು ಕಾಟವನ್ನು ಸಹಿಸಿ ಗೆದ್ದನೆಂದು ಓದಿದಾಗ, ಹಿಂದೆ ತಾವೂ ಅಂಥ ಕಾಟವನ್ನುಂಡವರು ಉಳಿದವರಿಗಿಂತ ಹೆಚ್ಚಾಗಿ ಮರುಗಿದರು. ಅವನು ಸಹಿಸಲಾರದೆ ಕೈಮಾಡಿದನೆಂದು ಓದಿದಾಗ, ಅದೇ ಜನ ಉಳಿದವರಿಗಿಂತ ಕಠೋರರಾದರು.

ಇದಕ್ಕೆ ಸಂಶೋಧಕರು ಕೊಡುವ ಕಾರಣ ಎರಡು ಎಳೆಗಳದು. ಕಷ್ಟ ಕಳೆದ ಮೇಲೆ ಕಷ್ಟವಿತ್ತೆಂಬುದು ನೆನಪಿರುತ್ತದೆ. ಅದರ ತೂಕ ನೆನಪಿರುವುದಿಲ್ಲ. ಹೆರಿಗೆಯ ನೋವು, ಹಲ್ಲುನೋವು, ಪರೀಕ್ಷೆಯ ಹಿಂದಿನ ರಾತ್ರಿ, ಎಲ್ಲಕ್ಕೂ ಇದೇ ನ್ಯಾಯ. ಅದರೊಡನೆ 'ನಾನು ದಾಟಿದೆ' ಎಂಬ ಅರಿವು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಎರಡೂ ಕೂಡಿದಾಗ, 'ಇದನ್ನು ದಾಟಬಹುದು, ನಾನೇ ಸಾಕ್ಷಿ. ದಾಟದವನಲ್ಲಿ ಏನೋ ಕೊರತೆಯಿದೆ' ಎಂಬ ತೀರ್ಪು ಹುಟ್ಟುತ್ತದೆ. ಕಷ್ಟವನ್ನು ಕಾಣದ ತಂಗಿಗೆ ಶಿಂಜಿಯ ಹೆದರಿಕೆಯನ್ನು ಅಳೆಯಲು ಕಲ್ಪನೆಯೊಂದೇ ಅಳತೆಗೋಲು. ಅದು ಉದಾರವಾದ ಕೋಲು. ಅಣ್ಣನ ಕೈಯಲ್ಲಿದ್ದದ್ದು ತನ್ನ ಎರಡು ವರ್ಷಗಳ ಕೋಲು. ಅವನು ಶಿಂಜಿಯನ್ನು ಅರಿಯದೆ ಹೇಡಿಯೆಂದನೆನ್ನಲಾಗದು. ನಮಗೆ ತೋರುವಂತೆ, ಬೇರೆಯವರಿಗಿಂತ ಹೆಚ್ಚಾಗಿ ಅರಿತೇ ಹಾಗೆಂದನು. ಶಿಂಜಿ ಓಡಿಹೋಗುವುದು ಸರಿಯೆಂದಾದರೆ, ತಾನು ಓಡಿಬರದೆ ಉಳಿದದ್ದಕ್ಕೆ ಬೆಲೆಯೇನು?

ಕಾಶ್ಮೀರದ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆ ಇದರ ಸಮೀಪಕ್ಕೆ ಬಂದಿದ್ದರೆಂಬುದು ನೆನಪಾಗುತ್ತದೆ. ನಾಟಕವನ್ನು ನೋಡುವ ಸಹೃದಯನಲ್ಲಿ 'ಇದು ನನ್ನದು, ಇದು ಪರರದು' ಎಂಬ ಭೇದ ಕರಗಿ ಭಾವವು ಸರ್ವಸಾಧಾರಣವಾದಾಗಲೇ ರಸ ಹುಟ್ಟುವುದೆಂದು ಭಟ್ಟನಾಯಕನೂ ಅಭಿನವಗುಪ್ತನೂ ಹೇಳಿದರು. ರಸಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಅಭಿನವಗುಪ್ತನು ಎಣಿಸುವಾಗ, ನೋಡುವವನು ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿರುವುದನ್ನೂ ಅವುಗಳಲ್ಲಿ ಒಂದಾಗಿ ಸೇರಿಸಿದ್ದಾನೆ. ಹಾಡು, ವಾದ್ಯ, ರಂಗದ ಅಲಂಕಾರಗಳಿಂದ ಆ ವಿಘ್ನ ತೊಲಗುವುದೆಂ‌ದು ಅವನ ಮತ. ಇವ್ಯಾಂಜೆಲಿಯನ್ ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿಯಿತು. ಅದು ನೋಡುವವನನ್ನು ಅವನ ಸ್ವಂತ ದುಃಖದೊಳಕ್ಕೇ ದೂಡುತ್ತದೆ. ಮಾಲಿಕೆಯ ಕೊನೆಯ ಎರಡು ಕಂತುಗಳಲ್ಲಿ ಯುದ್ಧವೆಲ್ಲ ಮಾಯವಾಗಿ ಪಾತ್ರಗಳು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳುತ್ತ ಕುಳಿತುಬಿಡುತ್ತವೆ. ಜಪಾನಿನ ವೀಕ್ಷಕರಲ್ಲಿ ಹಲವರು ಇದರಿಂದ ರೊಚ್ಚಿಗೆದ್ದರು. ೧೯೯೭ರ ಜುಲೈಯಲ್ಲಿ ಬೇರೊಂದು ಮುಕ್ತಾಯವಾಗಿ ಬಂದ ಚಲಚ್ಚಿತ್ರದಲ್ಲಿ ಅನ್ನೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬರೆದ ಚಿತ್ರಗಳ ನಡುವೆ ಥಟ್ಟನೆ ನಿಜವಾದ ಚಿತ್ರಮಂದಿರವೊಂದರ ದೃಶ್ಯ. ಸಾಲು ಸಾಲಾಗಿ ಕುಳಿತ ಪ್ರೇಕ್ಷಕರು. ನೋಡುವವರನ್ನೇ ಪರದೆ ತಿರುಗಿ ನೋಡಿತು.

ನಾಲ್ಕನೆಯ ಕಂತಿನಲ್ಲಿ ಶಿಂಜಿ ನಿಜವಾಗಿಯೂ ಮನೆಬಿಟ್ಟು ಹೋಗುತ್ತಾನೆ; ಎಲ್ಲಿಗೆಂದು ಅವನಿಗೇ ತಿಳಿಯದು. ರೈಲಿನಲ್ಲಿ ಸುಮ್ಮನೆ ಕುಳಿತಿರುತ್ತಾನೆ, ಊರ ಹೊರಗೆ ಅಲೆಯುತ್ತಾನೆ. ಎರಡನೆಯ ದಿನ ಮಕ್ಕಳು ಈ ಕಂತನ್ನು ಹಾಕಿದಾಗ ಅಣ್ಣನು ಅರ್ಧಕ್ಕೇ ಎದ್ದು, ಸೆಕೆಯೆಂದು ಹೇಳಿ ಮಹಡಿಗೆ ಹೋಗಿದ್ದನು. ೨೬ ಕಂತುಗಳೂ ಮುಗಿದ ಮೇಲೆ, ನಾವು ಹೊರಡುವ ಹಿಂದಿನ ರಾತ್ರಿ, ಎಲ್ಲರೂ ಮಲಗಿದ ಹೊತ್ತಿನಲ್ಲಿ ನೀರು ಕುಡಿಯಲೆಂದು ನಾವು ಎದ್ದು ಬಂದರೆ ನಡುಮನೆಯಲ್ಲಿ ಬೆಳಕಿತ್ತು. ಹುಡುಗನೊಬ್ಬನೇ ಅದೇ ನಾಲ್ಕನೆಯ ಕಂತನ್ನು ಹಾಕಿಕೊಂಡು ಧ್ವನಿ ತಗ್ಗಿಸಿ ನೋಡುತ್ತಿದ್ದನು. ನಾವು ಕುರ್ಚಿಯನ್ನೆಳೆದುಕೊಂಡು ಕುಳಿತೆವು. ಸ್ವಲ್ಪ ಹೊತ್ತಾದ ಮೇಲೆ ಅವನು ಪರದೆಯಿಂದ ಕಣ್ಣು ತೆಗೆಯದೆಯೇ, "ಮಾವ, ನಾನು ಹಾಸ್ಟೆಲಿನಿಂದ ಫೋನ್ ಮಾಡಿದ ರಾತ್ರಿ ನೀವೂ ಇಲ್ಲಿಯೇ ಇದ್ದಿರಿ, ಅಲ್ಲವೆ?" ಎಂದು ಕೇಳಿದನು. ಇದ್ದುದು ನಿಜವೆಂದು ಒಪ್ಪಿಕೊಂಡೆವು. ಅವನು ಮತ್ತೇನೂ ಕೇಳಲಿಲ್ಲ. ಪರದೆಯ ಮೇಲೆ ರೈಲು ಹೊರಟುಹೋಯಿತು. ಶಿಂಜಿ ಅದನ್ನು ಹತ್ತದೆ ನಿಲ್ದಾಣದಲ್ಲಿಯೇ ನಿಂತಿದ್ದನು.